ಹಗೇವಿನ ರಾಗಿ

ಮಳೆಗಾಲದಲ್ಲಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದಾಗ ಒಮ್ಮೊಮ್ಮೆ ತಳದಿಂದ ಮುಗ್ಗಲು ವಾಸನೆ ಏಳುತ್ತದೆ. ನನ್ನ ಸೊಸೆ ಮೂಗು ಮುಚ್ಚಿಕೊಂಡು ಆ ಹಿಟ್ಟನ್ನು ಹಸುವಿನ ಕಲಗಚ್ಚಿಗೆ ಸುರಿದುಬಿಡುತ್ತಾಳೆ. ನನಗೋ ಬಾಯಲ್ಲಿ ನೀರೂರುತ್ತದೆ, ಅದರ ಬೆನ್ನಿಗೇ ಕೈಕಾಲು ತಣ್ಣಗಾಗುತ್ತವೆ. ಹಗೇವಿನ ರಾಗಿ ಉಂಡು ಬೆಳೆದವರು ನಿಮ್ಮಲ್ಲಿ ಯಾರಾದರೂ ಉಳಿದಿದ್ದರೆ, ನೀರೂರುವುದೇಕೆಂದು ಅವರಿಗೆ ಹೇಳಬೇಕಾಗಿಲ್ಲ. ಹೆದರಿಕೆ ಏಕೆಂದು ಮಾತ್ರ ಹೇಳುತ್ತೇನೆ.

ತೂಬಗೆರೆ ಕಡೆಯ ನಮ್ಮೂರಿನಲ್ಲಿ ಹಗೇವು ಎಂದರೆ ನೆಲದೊಳಗೆ ತೋಡಿದ, ಆಳುದ್ದಕ್ಕೂ ಮೀರಿದ, ಕಿರುಬಾಯಿಯ ಗುಂಡಿ. ಸುಗ್ಗಿಯ ರಾಗಿ ತುಂಬಿ ಬಾಯಿಗೆ ಹುಲ್ಲು, ಚಪ್ಪಡಿ, ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಹೊಸ ರಾಗಿಯ ಮುದ್ದೆ ಅಂಟು. ಹಗೇವಿನದು ಕೈಗೆ ಹತ್ತದೆ ನುಣ್ಣಗೆ ಉರುಳುತ್ತಿತ್ತು. ಹುರುಳಿಕಾಳು ಬೇಯಿಸಿ ಬಸಿದು, ಸುಟ್ಟ ಈರುಳ್ಳಿ ಬೆಳ್ಳುಳ್ಳಿ ಅರೆದು ಅಜ್ಜಿ ಮಾಡುತ್ತಿದ್ದ ಬಸ್ಸಾರಿನಲ್ಲಿ ಅದ್ದಿ ನುಂಗಿದರೆ, ಆ ನೆಲದ ವಾಸನೆ ಗಂಟಲವರೆಗೂ ಜೊತೆಗೆ ಬರುತ್ತಿತ್ತು. ಆದರೆ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ದಿನವಿಡೀ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು.

ಎರಡನೇ ಮಹಾಯುದ್ಧದ ಕಾಲ ಬಂತು. ಮನೆಗೆ ಇಷ್ಟು ಎಂದು ಉಳಿಸಿಕೊಂಡು ಮಿಕ್ಕ ರಾಗಿಯನ್ನೆಲ್ಲ ಸರ್ಕಾರಕ್ಕೆ ಲೆವಿ ಅಳೆಯಬೇಕಾಯಿತು. ಬಚ್ಚಿಟ್ಟವರನ್ನು ಹಿಡಿದುಕೊಂಡು ಹೋಗುತ್ತಾರೆಂಬ ಸುದ್ದಿ. ಅಪ್ಪ ಹಗೇವಿನ ಮೇಲುಭಾಗದ ರಾಗಿಯನ್ನಷ್ಟೇ ಮನೆಗೆ ತಂದು, ಬಾಯಿ ಮುಚ್ಚಿ, ಮೇಲೆ ತಿಪ್ಪೆ ಹಾಕಿದ. ಬೀಸುವಾಗ ಪದ ಹಾಡುತ್ತಿದ್ದ ಅಮ್ಮ ಬಾಗಿಲು ಹಾಕಿಕೊಂಡು ಸುಮ್ಮನೆ ಬೀಸತೊಡಗಿದಳು. ಬೀದಿಯಲ್ಲಿ ನಾಯಿ ಬೊಗಳಿದರೂ ಬೀಸುವ ಕಲ್ಲು ನಿಲ್ಲಿಸುತ್ತಿದ್ದಳು.

ಒಂದು ಮಧ್ಯಾಹ್ನ ಲೆವಿ ವಸೂಲಿಯ ಶೇಕದಾರರು ಬಂದೇಬಿಟ್ಟರು. ಕಾಳು ತುಂಬುವ ವಾಡೆ, ಅಟ್ಟ, ಹುಲ್ಲಿನ ಬಣವೆ ಎಲ್ಲ ತಡಕಿದರು. ಏನೂ ಸಿಗಲಿಲ್ಲ. ಇನ್ನೇನು ಅಪ್ಪ ಉಸಿರು ಬಿಡಬೇಕು, ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು, “ಉಣ್ಣೋ ಹೊತ್ನಲ್ಲಿ ಬಂದಿದ್ದೀಯ ಕಣಪ್ಪ, ಬರೀ ಹೊಟ್ಟೇಲಿ ಹೋಗ್ಬಾರ್ದು. ಕೈ ತೊಳ್ಕೊ” ಎಂದಳು. ಮನೆಗೆ ಬಂದವರಿಗೆ ಹೊಸ ರಾಗಿಯ ಅಂಟುಮುದ್ದೆ ಇಕ್ಕುವುದು ಅವಳ ಮಟ್ಟಿಗೆ ಮರ್ಯಾದೆಗೇಡು. ಇದ್ದುದರಲ್ಲಿ ಒಳ್ಳೆಯದನ್ನೇ ತೊಳಸಿದ್ದಳು. ಮುದ್ದೆ ತಟ್ಟೆಗೆ ಬಿದ್ದದ್ದೇ ಹಗೇವಿನ ವಾಸನೆ ಪಡಸಾಲೆಗೆಲ್ಲ ಹರಡಿತು. ಅಪ್ಪನ ಕಣ್ಣು ಹೊರಗಿನ ತಿಪ್ಪೆಯ ಕಡೆ ಹೋಯಿತು. ನಾನು ಕಂಬ ತಬ್ಬಿಕೊಂಡು ನಿಂತೆ.

ಶೇಕದಾರರೂ ರಾಗಿ ಉಣ್ಣುವ ಮನೆಯವರೇ. ಮೊದಲ ತುತ್ತು ನುಂಗಿ ತಲೆಯೆತ್ತಿದರು.

“ಯಾವ ರಾಗಿ ಅಜ್ಜಿ ಇದು?”

“ಹಳೇದು ಕಣಪ್ಪ.”

ಅವರು ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡರು. ಹೊರಡುವಾಗ ಅಂಗಳದಲ್ಲಿ ನಿಂತು, “ಹಗೇವು ತೆಗೆದ ದಿನಾನೇ ಯಾರ್ನೂ ಇಳಿಸ್ಬೇಡಿ ಅಜ್ಜಿ. ಗಾಳಿ ಆಡ್ಲಿ” ಎಂದು ಹೇಳಿ ಹೋದರು.

ಅಪ್ಪನ ಕಿವಿಗೆ ಬಿದ್ದದ್ದು ಹಗೇವು ಎಂಬ ಒಂದೇ ಮಾತು. “ಗೊತ್ತಾಗೋಯ್ತು. ನಾಳೆ ಜನ ಕರ್ಕೊಂಡು ಬರ್ತಾನೆ. ಇವತ್ತೇ ಸಾಗಿಸ್ಬಿಡ್ಬೇಕು” ಎಂದು ತಿಪ್ಪೆ ಎಳೆಯತೊಡಗಿದ. ಚಪ್ಪಡಿ ಸರಿಸುವ ಹೊತ್ತಿಗೆ ಹೊತ್ತು ಮುಳುಗಿತ್ತು. ಅಜ್ಜಿ ಅವನ ತೋಳು ಹಿಡಿದುಕೊಂಡು, “ದೀಪನಾದ್ರೂ ಇಳಿಸಿ ನೋಡೋ ಮಗನೇ” ಎಂದು ಬೇಡಿದಳು. “ದೀಪ ಹಚ್ಚಿದ್ರೆ ಊರಿಗೆಲ್ಲ ಕಾಣ್ತದೆ. ಸುಮ್ನಿರವ್ವ” ಎಂದು ಕೊಸರಿಕೊಂಡು ಹಗ್ಗ ಹಿಡಿದು ಇಳಿದ. ಬಿಗಿಯಾಗಿದ್ದ ಹಗ್ಗ ಸಡಿಲವಾಯಿತು. ಅಮ್ಮ ಕೂಗಿದಳು, ಅಜ್ಜಿ ಕೂಗಿದಳು. ಕೆಳಗಿನಿಂದ ಆ ವಾಸನೆಯೊಂದೇ ಮೇಲೆ ಬಂತು. ಊರವರು ಓಡಿ ಬಂದು ಅಪ್ಪನನ್ನು ಮೇಲೆತ್ತಿದಾಗ ಉಸಿರು ಹೋಗಿತ್ತು.

ಶೇಕದಾರರು ಮರುದಿನ ಬರಲಿಲ್ಲ. ಆಮೇಲೆಂದೂ ಬರಲಿಲ್ಲ. ಅವರು ಹೇಳಿದ್ದು ಬರೀ ಬುದ್ಧಿಮಾತು. ನಮ್ಮ ಹೆದರಿಕೆಗೆ ಅದು ಬೆದರಿಕೆಯಾಗಿ ಕೇಳಿತು.

ಅಪ್ಪನ ತಿಥಿಗೆ ಊರಿಗೆ ಊಟ ಹಾಕಬೇಕಿತ್ತು, ಮನೆಯಲ್ಲಿ ಬೇರೆ ರಾಗಿ ಸಾಲದು. ಹಗೇವನ್ನು ದಿನಗಟ್ಟಲೆ ತೆರೆದಿಟ್ಟು, ದೀಪ ಇಳಿಸಿ ನೋಡಿ, ಅದೇ ರಾಗಿಯನ್ನು ಮೇಲೆ ತಂದರು. ಊರಿನವರಲ್ಲಿ ಒಬ್ಬರೂ ಕಚೇರಿಗೆ ಸುದ್ದಿ ಮುಟ್ಟಿಸಲಿಲ್ಲ. ಮುದ್ದೆಗಳನ್ನೆಲ್ಲ ಅಜ್ಜಿಯೇ ಕಟ್ಟಿದಳು, ತಾನು ಮಾತ್ರ ಮುಟ್ಟಲಿಲ್ಲ. ಆ ವರ್ಷವೇ ಹಗೇವಿಗೆ ಮಣ್ಣು ತುಂಬಿಸಿದರು. ಈಗ ಊರಿನಲ್ಲಿ ಹಗೇವು ಎಂದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ. ತಿಥಿಯ ದಿನ ನನಗೆ ಹಸಿವಾಗಿತ್ತು, ಉಂಡೆ. ಅಷ್ಟು ರುಚಿಯ ಮುದ್ದೆಯನ್ನು ಮತ್ತೆಂದೂ ಉಣ್ಣಲಿಲ್ಲ.