ಹುಳದ ಮನೆಯಲ್ಲಿಟ್ಟ ಸಾಮಾನು

ನಂದಿದುರ್ಗದ ಚಿನ್ನದ ಗಣಿಯವರು ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ನಮ್ಮದೂ ಒಂದು. ಕಳೆದ ಮಳೆಗಾಲದಲ್ಲಿ ಅದರ ಹಿಂದಿನ ಗೋಡೆ ಉಬ್ಬಿ, ಮೇಲಿನ ಶೀಟು ಜರುಗಿತು. "ಗೋಡೆ ಬಿಚ್ಚಿ ಕಟ್ಬೇಕು. ಒಂದ್ ಚಮಚಾನೂ ಒಳಗಿರಬಾರ್ದು" ಅಂದ ಮೇಸ್ತ್ರಿ. ಅಕ್ಕಪಕ್ಕದ ಮನೆಗಳೂ ನಮ್ಮಷ್ಟೇ ಇಕ್ಕಟ್ಟು. ಕಾಮಸಮುದ್ರದ ಕಡೆ ರೇಷ್ಮೆ ಮಾಡುವ ಚಿಕ್ಕಮ್ಮ ಫೋನಿನಲ್ಲಿ, "ಗೂಡು ಬಿಡ್ಸಾಯ್ತು, ಉಳದ ಮನೆ ಖಾಲಿ ಐತೆ. ತಂದಿಕ್ಕಳಿ" ಅಂದಳು.

ಒಳಗಿದ್ದಾಗ ಮನೆ ತುಂಬ ಅನ್ನಿಸುತ್ತಿದ್ದ ಸಾಮಾನೆಲ್ಲ ಒಂದೇ ಲಗೇಜ್ ಆಟೋದಲ್ಲಿ ಹಿಡಿಸಿತು. ಪಾತ್ರೆಪಗಡಿ, ಅಮ್ಮನ ತಗಡಿನ ಪೆಟ್ಟಿಗೆ, ಮೂಟೆ ಕಟ್ಟಿದ ನನ್ನ ಪುಸ್ತಕಗಳು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಮ್ಮ ಕಂಡವರ ಮನೆಯ ಪಾತ್ರೆ ತೊಳೆದಳು, ನಾನು ದಿನಾ ಬಂಗಾರಪೇಟೆಗೆ ಓಡಾಡಿ ಓದಿದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

"ಏನಕ್ಕಾ, ಪಾತ್ರೆಗಿಂತ ಪುಸ್ತಕಾನೇ ಜಾಸ್ತಿ ಅವೆ!" ಅಂದಳು ಪಕ್ಕದ ಮನೆಯವಳು.

"ಪಾತ್ರೆ ರಾಬರ್ಟ್‌ಸನ್‌ಪೇಟೇಲಿ ಸಿಕ್ತಾವೆ ಕಣೇ. ಇವು ಸಿಕ್ಕಲ್ಲ" ಅಂದಳು ಅಮ್ಮ.

ಹಳ್ಳಿಗೆ ಹೋದಾಗ ಅಮ್ಮ ಹೊಗೆಸೊಪ್ಪೂ ಇದ್ದ ಎಲೆಅಡಿಕೆ ಚೀಲವನ್ನು ಹೊರಗಿನ ಕಲ್ಲಿನ ಮೇಲಿಟ್ಟು, ಬಾಯಿ ಮುಕ್ಕಳಿಸಿ, ಸೋಪು ಹಾಕಿ ಕೈ ತೊಳೆದು ಹುಳದ ಮನೆಯೊಳಕ್ಕೆ ಕಾಲಿಟ್ಟಳು. ಹೊಗೆಸೊಪ್ಪು ಹುಳಕ್ಕೆ ವಿಷ. ಆ ಕಡೆ ಮಕ್ಕಳಿಗೂ ಗೊತ್ತಿರುವ ಮಾತು ಅದು.

ಗೋಡೆ ಕೆಲಸ ತಡವಾಯಿತು. ಅಷ್ಟರಲ್ಲಿ ಚಿಕ್ಕಮ್ಮನ ಮುಂದಿನ ಬೆಳೆಗೆ ಮರಿಹುಳ ಬರುವ ಹೊತ್ತಾಯಿತು. "ಒಂದ್ ಮೂಲೇಲಿ ಇರ್ಲಿ ಬಿಡು, ಟಾರ್ಪಾಲ್ ಮುಚ್ಚಾನ" ಅಂದಳು. ಮುಚ್ಚಲು ನಾನೇ ಬಸ್ಸು ಹತ್ತಿ ಹೋದೆ. ಪೆಟ್ಟಿಗೆ ಸರಿಸುವಾಗ ಚಿಲಕ ಕಳಚಿ ಮುಚ್ಚಳ ತೆರೆಯಿತು. ಅಮ್ಮನ ಮದುವೆ ಸೀರೆಯ ಮಡಿಕೆಯಿಂದ ಕಂದು ಬಣ್ಣದ ಒಣ ಎಲೆ ಪುಡಿಪುಡಿಯಾಗಿ ನೆಲಕ್ಕೆ ಉದುರಿತು.

ಚಿಕ್ಕಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಲೇ ಅಮ್ಮಿ, ಒಗೆಸೊಪ್ಪು ಕಣೇ ಅದು!"

ಸೀರೆಗೆ ನುಸಿ ಹಿಡಿಯದಿರಲೆಂದು ನಮ್ಮಜ್ಜಿ ಇಡುತ್ತಿದ್ದಳು, ಅಮ್ಮನೂ ಇಟ್ಟಿದ್ದಳು. ಎಲೆಅಡಿಕೆ ಚೀಲದ್ದು ಅವಳಿಗೆ ನೆನಪಿತ್ತು, ಪೆಟ್ಟಿಗೆಯದು ಮರೆತಿತ್ತು. ಫೋನ್ ಮಾಡಿದೆ.

"ಎಲ್ಲಾ ಮನೆಗೆ ತಂದ್ಬಿಡು" ಅಂದಳು ಅಮ್ಮ.

ಚಿಕ್ಕಮ್ಮ ಫೋನ್ ಕಿತ್ತುಕೊಂಡಳು. "ಪೆಟ್ಟಿಗೆ ಒಂದ್ನ ಆಚೆ ಇಕ್ಕಿದ್ರೆ ಸಾಕು ಕಣಕ್ಕಾ. ನಿಮ್ ಗೋಡೆ ಇನ್ನೂ ಅಸೀನೇ ಐತಲ್ಲ!"

"ಎಲ್ಲಾ ಒಟ್ಟಿಗೇ ಇದ್ದವು. ನಮ್ ಸಾಮಾನು ನೆಂದ್ರೆ ಒಣಗ್ತಾವೆ. ನಿನ್ ಉಳ ಸತ್ರೆ ಎದ್ದು ಬತ್ತಾವಾ?" ಅಮ್ಮನ ದನಿ ನನಗೂ ಕೇಳಿಸಿತು.

ಸಾಮಾನು ಆಚೆ ಹಾಕಿ, ನಾನೂ ಚಿಕ್ಕಮ್ಮನೂ ಬ್ಲೀಚಿಂಗ್ ಪೌಡರ್ ನೀರು ಸುರಿದು ನೆಲ, ಗೋಡೆ, ಹುಳ ಸಾಕುವ ತಟ್ಟೆಗಳನ್ನೆಲ್ಲ ಉಜ್ಜಿದೆವು. ಕಣ್ಣು ಉರಿಯಿತು. "ಡಿಗ್ರಿ ಮಾಡ್ದೋಳು ನೆಲ ಚೆನ್ನಾಗೇ ಉಜ್ತೀಯಾ" ಅಂತ ಚಿಕ್ಕಮ್ಮ ಕಿಚಾಯಿಸಿದಳು. ಉಜ್ಜುವುದನ್ನು ಕಲಿತದ್ದು ಡಿಗ್ರಿಗಿಂತ ಎಷ್ಟೋ ಮೊದಲು.

ಮನೆಯಲ್ಲಿ, ವಾಪಸು ತಂದ ಸಾಮಾನನ್ನೆಲ್ಲ ಹಸಿ ಗೋಡೆಗಳಿಂದ ದೂರ, ನಡುಮಧ್ಯದಲ್ಲಿ ಪೇರಿಸಿದೆವು. ಅದರ ಸುತ್ತಲೇ ಅಡುಗೆ, ನಿದ್ದೆ. ಎಷ್ಟು ಜೋಪಾನ ಮಾಡಿದರೂ ಕೆಲವು ಪುಸ್ತಕಗಳು ತೇವ ಕುಡಿದು ಉಬ್ಬಿದವು. ಅಮ್ಮ ದಿನವೂ ಅವನ್ನು ಹೊಸಿಲ ಬಿಸಿಲಿಗೆ ಹರವಿ, ತನಗೆ ಓದಲು ಬಾರದ ಆ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಮನಸ್ಸೆಲ್ಲ ಮಾತ್ರ ತಂಗಿಯ ಹುಳದ ಮೇಲೆ. ಫೋನಿನಲ್ಲಿ ಎಷ್ಟು ಕೇಳಿದರೂ ಸಮಾಧಾನವಿಲ್ಲ.

ಕೊನೆಗೆ ಅವಳನ್ನು ಹಳ್ಳಿಗೆ ಕರೆದುಕೊಂಡು ಹೋದೆ. ಬೆಳಗಿನಿಂದ ಅವಳು ಎಲೆಅಡಿಕೆ ಮುಟ್ಟಿರಲಿಲ್ಲ. ಆದರೂ ಒಳಗೆ ಹೋಗದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಜಾಲರಿಯಿಂದ ದೂರವೇ ನಿಂತಳು.

"ತಿಂತಾ ಅವಾ?"

"ಸೊಪ್ಪು ತಂದಾಕಿ ಸಾಕಾಗೈತೆ ನಂಗೆ. ಒಳಕ್ ಬಾರಕ್ಕಾ."

"ಬ್ಯಾಡ. ತಿನ್ಲಿ ಬಿಡು," ಅಂದು ಅಮ್ಮ ಅಲ್ಲೇ ಕಲ್ಲಿನ ಮೇಲೆ ಕೂತಳು.