ಓನರ್ ಆಂಟಿ ಮತ್ತು ಗೋಡೆಯ ತೂತು

ನಿನ್ನೆ ಮಗಳ ಕೋಣೆ ಕಾಯಿಸುವ ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗೆ ಇತ್ತು. ಒಳಗೆ ಗಾಳಿ ಸಿಕ್ಕಿಕೊಂಡಾಗ ಹಾಗಾಗುತ್ತದೆ. ಪುಟ್ಟ ಕೀಲಿ ಹಾಕಿ ಅರ್ಧ ಸುತ್ತು ತಿರುಗಿಸಿದೆ. ಬುಸ್ಸೆಂದು ಗಾಳಿ ಹೊರಟಿತು, ಹಿಂದೆಯೇ ನಾಲ್ಕು ಹನಿ ಕಪ್ಪು ನೀರು. ತುಕ್ಕು ಹಿಡಿದ ಕೊಡದಲ್ಲಿ ಬಹಳ ದಿನ ನಿಂತ ನೀರಿನ ವಾಸನೆ... ಅದು ಮೂಗಿಗೆ ಬಡಿದದ್ದೇ ತಡ, ಮ್ಯಾಂಚೆಸ್ಟರಿನ ವಿದನ್‌ಶಾದ ಆ ಬಾಡಿಗೆ ಮನೆಯೂ ಅದರ ಬಾಯ್ಲರಿನ ಮುಂದೆ ಮೊಣಕಾಲೂರಿ ಕೂತ ಓನರ್ ಆಂಟಿಯೂ ಕಣ್ಣ ಮುಂದೆ ಬಂದರು.

ನಿನ್ನೆ ಬೆಳಿಗ್ಗೆಯಷ್ಟೇ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಿತ್ತು. ಅನ್ನಪೂರ್ಣೆಯಂತೆ, ಮಹಾತಾಯಿಯಂತೆ, ಕೈಮುಗಿದ ಚಿತ್ರಗಳ ಸಾಲೇ ಸಾಲು. ನಾನು ಏನೂ ಬರೆಯಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಒಳ್ಳೆಯದನ್ನಷ್ಟೇ ಆಡಿ ಸುಮ್ಮನಾಗುವುದು ನನ್ನಿಂದ ಆಗದ ಕೆಲಸ.

ನಾವು ಮ್ಯಾಂಚೆಸ್ಟರಿಗೆ ಬಂದ ಹೊಸತು. ಗಂಡನಿಗೆ ಏರ್‌ಪೋರ್ಟಿನಲ್ಲಿ ಎಂಜಿನಿಯರ್ ಕೆಲಸ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವ ಕಸುಬು. ಓನರ್ ಆಂಟಿ ಮೈಸೂರಿನ ಕಡೆಯವರು, ಡಾಕ್ಟರೊಬ್ಬರ ಹೆಂಡತಿ, ಮೂರು ಬೀದಿ ಆಚೆ ಇದ್ದರು. ನಮ್ಮವರ ಮನೆಯೇ ಸಿಕ್ಕಿತಲ್ಲ ಎಂದು ನಾವು ಹಿಗ್ಗಿದ್ದೇ ಹಿಗ್ಗಿದ್ದು. ಬಾಯ್ಲರಿಗೆ ವರ್ಷಕ್ಕೊಮ್ಮೆ ಗ್ಯಾಸ್ ಎಂಜಿನಿಯರನ್ನು ಕರೆಸಿ ತಪಾಸಣೆ ಮಾಡಿಸಬೇಕಂತಲ್ಲ ಎಂದು ಗಂಡ ಮೊದಲ ದಿನವೇ ಕೇಳಿದ್ದರು. ಆಂಟಿ ನಕ್ಕುಬಿಟ್ಟರು.

"ಅದೆಲ್ಲ ಬಿಳಿಯರಿಗೆ ಬಾಡಿಗೆ ಕೊಟ್ಟಾಗ ಕಣಪ್ಪ. ನಮ್ಮ ನಮ್ಮಲ್ಲಿ ಯಾಕೆ ಅವೆಲ್ಲ?"

ರೇಡಿಯೇಟರುಗಳಿಗೆ ಬಿಸಿನೀರು ಕಳಿಸುವ ಆ ಬಾಯ್ಲರೋ, ಅಡುಗೆಮನೆಯ ಮೂಲೆಯಲ್ಲಿ ಕೂತ ಹಳೇ ಕಾಲದ ಗೂಬೆ. ಉರಿಯಲು ಬೇಕಾದ ಗಾಳಿಯನ್ನು ಅದು ಅಡುಗೆಮನೆಯಿಂದಲೇ ಎಳೆದುಕೊಳ್ಳುತ್ತಿತ್ತು. ಅದಕ್ಕಾಗಿ ಹೊರಗೋಡೆಗೆ ಒಂದು ತೂತು, ತೂತಿಗೊಂದು ಜಾಲರಿ. ಒಳಗೆ ಸದಾ ಉರಿಯಬೇಕಾದ ಸಣ್ಣ ಪೈಲಟ್ ದೀಪ ವಾರಕ್ಕೆರಡು ಸಲವಾದರೂ ಆರುತ್ತಿತ್ತು. ಫೋನ್ ಮಾಡಿದರೆ ಆಂಟಿ ಕೋಟಿನ ಕೆಳಗೆ ಸೀರೆ ಎತ್ತಿ ಕಟ್ಟಿಕೊಂಡು ಬರುವರು. ಗುಂಡಿ ಒತ್ತಿ ಹಿಡಿದು, ಶ್ರೀರಾಮ ಶ್ರೀರಾಮ ಎನ್ನುತ್ತ ಕೂತು, ದೀಪ ನಿಂತಿತೆಂದು ಖಾತ್ರಿಯಾದ ಮೇಲೆ ಕೈ ಬಿಡುವರು. ರೇಡಿಯೇಟರ್ ತಣ್ಣಗಾದರೆ ಅವರೇ ಕೀಲಿ ತಿರುಗಿಸಿ ಗಾಳಿ ಬಿಡುವರು. ಜೊತೆಗೊಂದು ಡಬ್ಬಿ ತಿಂಡಿ ಇದ್ದೇ ಇರುತ್ತಿತ್ತು. ಎಂಜಿನಿಯರ್ ಮಾತ್ರ ಬರಲಿಲ್ಲ. ದೀಪ ಯಾಕೆ ಆರುತ್ತದೆ ಎಂದು ಕೇಳಿದರೆ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಹಳೇದಲ್ವಾ" ಎನ್ನುವರು. ಅವರ ಚಿತ್ರಾನ್ನ ಬಾಯಲ್ಲಿಟ್ಟುಕೊಂಡು ಜಗಳವಾಡುವುದು ಹೇಗೆ? ನಾವು ಅಡ್ಜಸ್ಟ್ ಮಾಡಿಕೊಂಡೆವು.

ಮಗಳು ಹುಟ್ಟಿದ್ದು ಕೊರೆಯುವ ಚಳಿಯಲ್ಲಿ. ಅಮ್ಮನಿಗೆ ವೀಸಾ ಸಿಗಲಿಲ್ಲ. ನಾನು ಆಸ್ಪತ್ರೆಯಲ್ಲಿ ಅಳುತ್ತ ಕೂತಿದ್ದಾಗ ಆಂಟಿ ಬಂದು, "ಅಮ್ಮ ಇಲ್ದಿದ್ರೆ ನಾನಿಲ್ವೇನೇ" ಎಂದರು. ಸುಳ್ಳು ಹೇಳಬಾರದು, ಹೆತ್ತ ತಾಯಿಯೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ. ದಿನಾ ಬೆಳಿಗ್ಗೆ ಬಂದು ಎಣ್ಣೆ ಹಚ್ಚಿ ನೀರು ಹಾಕಿದರು, ಸೊಂಟಕ್ಕೆ ಬಟ್ಟೆ ಬಿಗಿದರು, ಮೆಣಸಿನ ಸಾರು ಕುಡಿಸಿದರು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅದರ ಮೂಗು ತೀಡುತ್ತ ಮಾತಾಡಿಸುತ್ತಿದ್ದರು. ಬೆಚ್ಚಗಿರಲೆಂದು ನಮ್ಮ ಹಾಸಿಗೆಯನ್ನು ಅಡುಗೆಮನೆಗೆ ಅಂಟಿದ ಕೋಣೆಗೆ ತಂದವರೂ ಅವರೇ.

ಆಗ ಅವರ ಕಣ್ಣಿಗೆ ಆ ತೂತು ಬಿತ್ತು. ಅದರಿಂದ ಸುಯ್ಯೆಂದು ಗಾಳಿ ಬರುತ್ತಿತ್ತು, ನಿಜ. "ಈ ಬಿಳಿಯರಿಗೆ ಬಾಣಂತಿ ಅಂದ್ರೆ ಏನ್ ಗೊತ್ತು? ಗೋಡೆಗೇ ತೂತು ಕೊರೆದಿಟ್ಟಿದಾರೆ" ಎಂದು ಬೈದುಕೊಂಡು, ತಮ್ಮದೇ ಹಳೇ ಕಾಟನ್ ಸೀರೆ ಹರಿದು ಉಂಡೆ ಮಾಡಿ ತುರುಕಿ, ಮೇಲೆ ಟೇಪು ಅಂಟಿಸಿದರು. ಮನೆ ನಿಜಕ್ಕೂ ಬೆಚ್ಚಗಾಯಿತು.

ಎರಡು ದಿನಕ್ಕೆ ತಲೆನೋವು ಹಿಡಿಯಿತು. ಆಮೇಲೆ ವಾಂತಿ. ಕೂಸು ಎದೆಗೆ ಬಾಯಿ ಹಾಕಿದ್ದಲ್ಲೇ ನಿದ್ದೆ ಹೋಗುತ್ತಿತ್ತು, ತಟ್ಟಿದರೂ ಏಳುತ್ತಿರಲಿಲ್ಲ. ದೃಷ್ಟಿಯಾಗಿದೆ ಎಂದು ಆಂಟಿ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನನಗೆ ಏನೂ ತೋಚುತ್ತಿರಲಿಲ್ಲ. ತಲೆಯೊಳಗೆಲ್ಲ ಮಂಜು...

ಮಗುವಿನ ತೂಕ ನೋಡಿಸಲು ಕ್ಲಿನಿಕ್ಕಿಗೆ ಹೋದ ದಿನ ಅಲ್ಲಿ ಸರದಿಗೆ ಬಹಳ ಹೊತ್ತು ಕಾಯಬೇಕಾಯಿತು. ಕಾಯುತ್ತ ಕೂತಲ್ಲೇ ಕೂಸು ಕಣ್ಣು ಬಿಟ್ಟು ಚೀರಿ ಅತ್ತಿತು, ಹಸಿದ ಕರುವಿನ ಹಾಗೆ ಹಾಲು ಕುಡಿಯಿತು. ನನ್ನ ತಲೆಯೂ ತಿಳಿಯಾಗಿತ್ತು. ಮನೆಗೆ ಬಂದು ಸ್ವಲ್ಪ ಹೊತ್ತಿಗೆ ಮತ್ತೆ ಅದೇ ನೋವು, ಮಗು ಮತ್ತೆ ಸುಸ್ತು. ನನ್ನ ಕಸುಬು ಆಗ ಕೆಲಸಕ್ಕೆ ಬಂತು. ಹೊರಗಿದ್ದರೆ ಸರಿ, ಒಳಗಿದ್ದರೆ ಇಲ್ಲ. ಗಂಡನಿಗೂ ಡ್ಯೂಟಿಯಲ್ಲಿ ಆರಾಮ, ರಜೆಯ ದಿನ ತಲೆನೋವು. ಹಾಗಾದರೆ ತಪ್ಪು ಇರುವುದು ಮನೆಯಲ್ಲಿ.

ಅಡುಗೆಮನೆಗೆ ಹೋಗಿ ಬಗ್ಗಿ ನೋಡಿದೆ. ನೀಲಿಯಾಗಿ ಉರಿಯಬೇಕಾದ ಜ್ವಾಲೆ ಹಳದಿಯಾಗಿ ಓಲಾಡುತ್ತಿತ್ತು. ಮೇಲಿನ ಗೋಡೆಗೆ ಮಸಿ. ಬೆಂಗಳೂರಿನಲ್ಲಿ ಬಾಗಿಲು ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸತ್ತವರ ಸುದ್ದಿ ಓದುತ್ತಲೇ ಬೆಳೆದವಳು ನಾನು. ಬಾಯ್ಲರ್ ಆರಿಸಿ, ಕಿಟಕಿ ಬಾಗಿಲು ತೆರೆದು, ಕೂಸನ್ನು ಎದೆಗವಚಿಕೊಂಡು ಬರಿಗಾಲಲ್ಲೇ ಬೀದಿಗೆ ಬಂದು ಗ್ಯಾಸಿನ ತುರ್ತು ನಂಬರಿಗೆ ಫೋನ್ ಮಾಡಿದೆ.

ಬಂದ ಗ್ಯಾಸಿನವನು ಬಾಯ್ಲರಿನ ಸಂಪರ್ಕ ಕಿತ್ತು, ಮುಟ್ಟಬಾರದೆಂದು ಚೀಟಿ ಅಂಟಿಸಿದ. ತೂತು ಮುಚ್ಚಿದ್ದು ಒಂದು ಕಾರಣ. ಅದಕ್ಕಿಂತ ದೊಡ್ಡದು ಹೊಗೆಕೊಳವೆ. ಒಳಗೆ ಹಕ್ಕಿಗೂಡಿನ ಕಸ ಕಟ್ಟಿಕೊಂಡು ವರ್ಷಗಳೇ ಆಗಿರಬೇಕು, ಒಂದೇ ಒಂದು ಸರ್ವಿಸ್ ಮಾಡಿಸಿದ್ದರೂ ಕಾಣುತ್ತಿತ್ತು ಎಂದ. ಗ್ಯಾಸ್ ಸರಿಯಾಗಿ ಉರಿಯದೆ ಹುಟ್ಟಿದ, ವಾಸನೆಯಿಲ್ಲದ ವಿಷಗಾಳಿಯನ್ನು ನನ್ನ ಹಸುಗೂಸು ದಿನಗಟ್ಟಲೆ ಕುಡಿದಿತ್ತು. ನಮ್ಮಿಬ್ಬರನ್ನೂ ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಟ್ಟರು. ಅವಳ ಮುಖಕ್ಕಿಂತ ಆ ಮಾಸ್ಕೇ ದೊಡ್ಡದಿತ್ತು.

ಆಂಟಿ ಫ್ಲಾಸ್ಕಿನಲ್ಲಿ ಸಾರು ಹಿಡಿದು ಓಡಿ ಬಂದರು. ಕೂಸನ್ನು ನೋಡಿ ಗೊಳೋ ಎಂದು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದು, ದನಿ ತಗ್ಗಿಸಿದರು.

"ಯಾರಾದ್ರೂ ಕೇಳಿದ್ರೆ ಸರ್ವಿಸ್ ಆಗಿತ್ತು ಅಂತ ಒಂದ್ ಮಾತು ಹೇಳ್ಬಿಡೇ. ಡಾಕ್ಟ್ರ ಮರ್ಯಾದೆ ಪ್ರಶ್ನೆ."

ಸೀರೆ ತುರುಕಿದ್ದನ್ನು ನಾನು ಅವತ್ತೇ ಕ್ಷಮಿಸಿದ್ದೆ. ಅದು ಅಕ್ಕರೆ, ತಿಳಿಯದೆ ಮಾಡಿದ್ದು. ಈ ಮಾತನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ. ಮಗು ಮಾಸ್ಕಿನೊಳಗೆ ಉಸಿರಾಡುತ್ತಿರುವಾಗ ಮರ್ಯಾದೆಯ ಲೆಕ್ಕವೇ? "ನನ್ನ ಕಣ್ಣೆದುರು ನಿಲ್ಬೇಡಿ ಆಂಟಿ" ಎಂದೆ. ಕೇಳಿದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವಿಚಾರಣೆಯಾಯಿತು, ಆಂಟಿಗೆ ದಂಡ ಬಿತ್ತು. ನಮ್ಮ ಜನ ಏನೆಂದರು ಗೊತ್ತೇ? ಉಂಡ ಮನೆಯ ಜಂತೆ ಎಣಿಸಿದವಳು ಎಂದರು. ಬಾಣಂತನ ಮಾಡಿದ ಕೈಗೇ ಕೋಳ ತೊಡಿಸಿದಳು ಎಂದರು. ಯುಗಾದಿ ಊಟಕ್ಕೆ ಹೋದರೆ ನಮ್ಮ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ. ಮಗು ಹೇಗಿದೆ ಎಂದು ಕೇಳಿದವರನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಆಂಟಿಯಂತೂ ಮತ್ತೆ ನನ್ನೊಡನೆ ಮಾತಾಡಲೇ ಇಲ್ಲ. ನಾನೂ ಮಾತಾಡಿಸಲಿಲ್ಲ.

ನಿನ್ನೆ ರೇಡಿಯೇಟರಿನ ಪಕ್ಕದಲ್ಲೇ ನೆಲಕ್ಕೆ ಕೂತು ಇಷ್ಟನ್ನೂ ಮಗಳಿಗೆ ಹೇಳಿದೆ. ನನಗಿಂತ ಎತ್ತರ ಬೆಳೆದಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ವಾಸ್ ಶಿ ನೈಸ್?"

"ತುಂಬಾ ಒಳ್ಳೆಯವರು ಕಣೇ. ಕೆಟ್ಟವರಾಗಿದ್ದಿದ್ರೆ ದೀಪ ಆರಿದ ಮೊದಲನೇ ದಿನವೇ ಕಂಪ್ಲೇಂಟ್ ಕೊಡ್ತಿದ್ದೆ."

ಅವಳು ನನ್ನ ಭುಜಕ್ಕೆ ತಲೆ ಆನಿಸಿದಳು. ಇಷ್ಟು ವರ್ಷ, ಎಲ್ಲಾದರೂ ಒಮ್ಮೆ ಒಬ್ಬರೇ ಸಿಕ್ಕಾರು, ಈ ಹುಡುಗಿಯನ್ನು ಅವರ ಮುಂದೆ ನಿಲ್ಲಿಸಿ ಮನಸಾರೆ ಬೈದುಬಿಡಬೇಕು ಎಂದುಕೊಂಡಿದ್ದೆ. ಬೈದಾದ ಮೇಲೆ ಅವರು ಇವಳ ಮೂಗು ತೀಡುತ್ತಿದ್ದರೇನೋ... ಇನ್ನು ಬೈಯೋಣವೆಂದರೆ ಅವರೇ ಇಲ್ಲ.