ಮಾವನ ಎರಡು ಪರದೆ

ಸೋದರಮಾವನ ಮೂಗಿನ ಎರಡೂ ಬದಿ ಕನ್ನಡಕ ಒತ್ತಿ ಒತ್ತಿ ಬಿಳಿಚಿದ ಗುಳಿ ಬಿದ್ದಿತ್ತು. ತಾಂಬರಂನಲ್ಲಿ ಟ್ರೈನು ಹತ್ತಿದಾಗ ಹಾಕಿದ ಕೂಲಿಂಗ್ ಗ್ಲಾಸನ್ನು ಅಡ್ಯಾರಿನ ಸ್ಕ್ಯಾನ್ ಸೆಂಟರಿನ ಕತ್ತಲೆ ಕೋಣೆ ಸೇರುವವರೆಗೆ ತೆಗೆಯುತ್ತಿರಲಿಲ್ಲ. ಇಲ್ಲಿನ ಕಪ್ಪು ಕನ್ನಡಕದ ರಾಜಕಾರಣಿಗಳ ಹಾಗೆ ಇನ್ನು ಸಾರ್ ಪಾರ್ಟಿ ಕಟ್ಟುವುದೊಂದೇ ಬಾಕಿ ಎಂದು ಟೆಕ್ನೀಷಿಯನ್ ತಮಿಳಿನಲ್ಲಿ ಚುಚ್ಚುತ್ತಿದ್ದ.

ಮಾವ ಅಲ್ಲಿ ಸ್ಕ್ಯಾನ್ ಓದಿ ವರದಿ ಬರೆಯುವ ಡಾಕ್ಟರು. ಬಿಸಿಲು ಕುಡಿದ ಕಣ್ಣಿಗೆ ಮೆದುಳಿನ ಚಿತ್ರದ ಬೂದುಬಣ್ಣಗಳೆಲ್ಲ ಒಂದೇ ಆಗಿಬಿಡುತ್ತವೆ ಎಂಬುದು ಅವರ ನಂಬಿಕೆ. ನಂಬಿಕೆ ಎಂದು ನಾನು ಬೇಕೆಂದೇ ಅನ್ನುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಪ್ ಗೆಲ್ಲುತ್ತಿದ್ದ ಕಾಲ ಅದು. ಅವರಿಗೆ ಮಾನಿಟರೂ ಪರದೆಯೇ, ಕಿಟಕಿಯ ಬಟ್ಟೆಯೂ ಪರದೆಯೇ. 'ಮೊದ್ಲು ಆ ಪರದೆ ಎಳಿ, ಆಮೇಲೆ ಈ ಪರದೆ ನೋಡು' ಎನ್ನುವುದು ಅವರ ಕೋಣೆಯ ಕಾನೂನು.

ಎರಡು ಸಾವಿರದ ಇಸವಿಯ ಈಚೆ ಫಿಲ್ಮ್ ಹೋಗಿ ಕಂಪ್ಯೂಟರ್ ಬಂತು. ಸ್ಕ್ಯಾನ್ ನೋಡಲೆಂದೇ ಮಾಡಿದ ಕಪ್ಪು-ಬಿಳುಪು ಮಾನಿಟರ್ ಬೇಕೆಂದು ಮಾವ ಕೇಳಿದರು. ಮಾಲೀಕರು ತಂದದ್ದು ಆಫೀಸುಗಳಲ್ಲಿ ಇಡುವ ಬಣ್ಣದ ಮಾನಿಟರ್. ಮಾವ ಕೋಪಗೊಂಡರು. ನಾನು ಮಾಲೀಕರ ಪಕ್ಷ ವಹಿಸಿದೆ: ಚಿತ್ರ ಇರುವುದು ಫೈಲಿನಲ್ಲಿ, ಗಾಜಿನಲ್ಲಲ್ಲ, ಅಲ್ಲವೆಂದರೆ ಸಾಬೀತು ಮಾಡಿ. ಹೆಸರು ಮುಚ್ಚಿದ ಹಳೆಯ ಸ್ಕ್ಯಾನುಗಳನ್ನು ಟೆಕ್ನೀಷಿಯನ್ ಹೊಸ ಮಾನಿಟರಿನಲ್ಲಿ ಒಂದೊಂದಾಗಿ ತೋರಿಸಿದ. ಮಾವ ಎಲ್ಲವನ್ನೂ ಸರಿಯಾಗಿ ಓದಿದರು. ಅಂದರೆ, ಸೋತರು.

'ಪರೀಕ್ಷೆ ಅಂದ್ರೆ ಯಾರ ಕಣ್ಣಾದ್ರೂ ಅಗಲ ಆಗತ್ತೆ ಕಣೇ. ದಿನದ ಕೊನೇ ಸ್ಕ್ಯಾನ್ ನೋಡ್ವಾಗ ನಿನ್ನ ಪರೀಕ್ಷೆ ಎಲ್ಲಿರತ್ತೆ?'

ಸೋತವರ ಮಾತು ಎಂದು ನಕ್ಕೆ. ಮಾಲೀಕರು ನನ್ನ ಪರೀಕ್ಷೆಯನ್ನೇ ತೋರಿಸಿ ಆ ಮಾನಿಟರನ್ನು ಉಳಿಸಿಕೊಂಡರು.

ಕೆಲವು ತಿಂಗಳ ಮೇಲೆ, ಕೋಯಂಬೇಡಿನಲ್ಲಿ ಹೂವು ಮಾರುವ ಹೆಂಗಸೊಬ್ಬಳು ಬಲಗೈ ಜೋಮು ಹಿಡಿದಿದೆ ಎಂದು ಬಂದಳು. ಮಾವ ಸ್ಕ್ಯಾನ್ ನೋಡಿ ನಾರ್ಮಲ್ ಎಂದು ಬರೆದರು. ಎರಡು ದಿನದಲ್ಲಿ ಅವಳ ಮಾತು ನಿಂತುಹೋಯಿತು. ಸುದ್ದಿ ತಿಳಿದ ಮಾವ ಅದೇ ಚಿತ್ರವನ್ನು ಫಿಲ್ಮಿಗೆ ಇಳಿಸಿ, ಮೂಲೆಗೆ ತಳ್ಳಿದ್ದ ಲೈಟ್‌ಬಾಕ್ಸಿಗೆ ಸಿಕ್ಕಿಸಿ ನೋಡಿದರು. ಎಡಗಡೆ, ಕನ್ನಡಿಯ ಮೇಲೆ ಉಸಿರು ಬಿಟ್ಟಷ್ಟು ತೆಳುವಾದ ಮಸುಕು. 'ಇತ್ತು' ಎಂದರು, ಅಷ್ಟೇ.

ಮಾನಿಟರಿನ ತಪ್ಪೆಂದು ಬರೆದುಕೊಡಿ, ಬೇಕಾದರೆ ನಾನೇ ವಾದಿಸುತ್ತೇನೆ ಎಂದೆ. ಅವರು ನನ್ನತ್ತ ನೋಡಲಿಲ್ಲ.

'ಪರದೆ ಸೈನ್ ಹಾಕಲ್ಲಮ್ಮ. ಸೈನ್ ನಂದು.'

ಆ ತಿಂಗಳೇ ಕೆಲಸ ಬಿಟ್ಟರು. ಆಮೇಲೆ ಬಿಸಿಲಿನಲ್ಲಿ ಬರಿಗಣ್ಣಿನಲ್ಲೇ ನಡೆದಾಡುತ್ತಿದ್ದರು. ಕಣ್ಣು ಕಾಪಾಡಿಕೊಳ್ಳಲು ಇನ್ನು ಕಾರಣವಿರಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಅವರದೇ ನಾಲಿಗೆ ತೊದಲಿತು. ಆಸ್ಪತ್ರೆಯ ಯುವ ಡಾಕ್ಟರು ಮಾವನ ಸ್ಕ್ಯಾನ್ ತೆರೆದು, ದೊಡ್ಡದೇನೂ ಕಾಣುತ್ತಿಲ್ಲ ಎಂದರು. ಕಿಟಕಿಯ ಬೆಳಕು ನೇರ ಮಾನಿಟರಿನ ಮೇಲೆ ಬಿದ್ದಿತ್ತು. ಗಾಲಿಕುರ್ಚಿಯಲ್ಲಿದ್ದ ಮಾವ ಎಡಗೈಯನ್ನು ಕಷ್ಟಪಟ್ಟು ಕಿಟಕಿಯತ್ತ ಎತ್ತಿದರು. ನನಗೆ ಅರ್ಥವಾಯಿತು. ವಾದಿಸದೆ ಎದ್ದು ಪರದೆ ಎಳೆದೆ. ಡಾಕ್ಟರು ಮುಂದೆ ಬಾಗಿದರು. ಚಿತ್ರವನ್ನು ಮತ್ತೆ ಮೊದಲಿನಿಂದ ನೋಡಿದರು. ಆಮೇಲೆ ಒಂದು ಜಾಗಕ್ಕೆ ಬೆರಳಿಟ್ಟರು.

ಕಂಡಿತು, ಆದರೆ ಮಾವ ಉಳಿಯಲಿಲ್ಲ. ಆ ವಾರವೇ ಹೋದರು.

ಎದುರು ಪಕ್ಷದ ವಾದ ನನಗೆ ಚೆನ್ನಾಗಿ ಗೊತ್ತು: ಎರಡನೇ ಸಲ ನೋಡಿದ್ದಕ್ಕೆ ಕಂಡಿತು, ಕತ್ತಲೆಯಿಂದಲ್ಲ. ಇರಬಹುದು. ಹೂವಿನವಳ ವಿಷಯದಲ್ಲೂ ಗಾಜೇ ಕಾರಣವೆಂದು ಇಂದಿಗೂ ಸಾಬೀತು ಮಾಡಲಾರೆ. ಆದರೂ ಯಾರ ಸ್ಕ್ಯಾನ್ ತೋರಿಸಲು ಹೋದರೂ, ಕುರ್ಚಿಯಲ್ಲಿ ಕೂರುವ ಮೊದಲು ಕಿಟಕಿಯ ಹತ್ತಿರ ಹೋಗುತ್ತೇನೆ.